ಆಡಿನ ಹುಳುವಿಗೆ ಸೊಪ್ಪು: ಕುಡಿಸೋದಾ, ಕಟ್ಟೋದಾ?

ಕಕ್ಕಡ 18 ಅಂದರೆ ಕೊಡಗಿನ ಅಡುಗೆಮನೆಯಲ್ಲಿ ಮದ್ದು ಸೊಪ್ಪು ಕುದಿಯುವ ದಿನ. ಆಗಸ್ಟ್ 3ರ ಹೊತ್ತಿಗೆ ಬರುತ್ತದೆ. ನೀರು ನೇರಳೆ ಬಣ್ಣಕ್ಕೆ ತಿರುಗುತ್ತದೆ, ಅದರಲ್ಲೇ ಪಾಯಸ. ಮಾರನೇ ದಿನ ಮೂತ್ರ ಕೆಂಪಗಾದರೆ ಮದ್ದು ಮೈಗೆ ಹತ್ತಿತು ಅಂತ ನಗುತ್ತೇವೆ. ಆ ದಿನ ಆ ಗಿಡದಲ್ಲಿ 18 ಬಗೆಯ ಮದ್ದು ಸೇರಿರುತ್ತದೆ ಅನ್ನುವುದು ನಂಬಿಕೆ.

ಹೋದ ಕಕ್ಕಡದಲ್ಲಿ ನಾನು ಸೊಪ್ಪು ಸೋಸುತ್ತಿದ್ದಾಗ ಪಕ್ಕದ ಲೈನ್ ಮನೆಯವರು ಬಂದರು. "ಅಕ್ಕಾ, ಚರಟ ಬಿಸಾಕಬೇಡಿ. ನಮ್ಮ ಆಡಿಗೆ ಹಾಕ್ತೀನಿ. ಹೊಟ್ಟೆ ಹುಳು ಜಾಸ್ತಿಯಾಗಿದೆ ಅನ್ಸುತ್ತೆ" ಅಂದರು. ಜತೆಗೇ ಹೋಗಿ ಆಡನ್ನು ನೋಡಿದೆ. ಗದ್ದದ ಕೆಳಗೆ ನಿಂಬೆಹಣ್ಣಿನಷ್ಟು ಊತ. ಒತ್ತಿದರೆ ಮೆತ್ತಗೆ, ನೀರು ತುಂಬಿದ ಹಾಗೆ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಕೆಂಪಗಿರಬೇಕಾದ ಒಳಭಾಗ ಸುಣ್ಣ ಬಳಿದಂತೆ ಬೆಳ್ಳಗಿತ್ತು.

ಆ ಕಣ್ಣಿಗೆ ಚರಟ ಸಾಲುವ ಮಾತೇ ಇರಲಿಲ್ಲ. ಆದರೆ ಅದೇ ಕೊಟ್ಟಿಗೆಯಿಂದ 20 ಹೆಜ್ಜೆ ದೂರದಲ್ಲಿ ಒಂದು ಹಲಸಿನ ಮರ ಇತ್ತು. ಮಳೆ ಶುರುವಾದಾಗಿನಿಂದ ದಿನಾ ಅದರದ್ದೊಂದು ಕೊಂಬೆ ಆ ಆಡಿನ ಮುಂದೆ ನೇತಾಡಿದ್ದರೆ ವಿಷಯ ಅಷ್ಟು ದೂರ ಹೋಗುತ್ತಿರಲಿಲ್ಲವೇನೋ. ಸೊಪ್ಪಿನಿಂದ ಹುಳು ಹೋಗುತ್ತಾ ಅಂತ ಕೇಳುವವರಿಗೆಲ್ಲ ನಾನು ಈಗ ತಿರುಗಿ ಕೇಳುವುದು ಒಂದೇ: ಕುಡಿಸ್ತೀರಾ, ಕಟ್ತೀರಾ?

ಯಾಕೆ ಈ ಪ್ರಶ್ನೆ ಅಂತ ತಿಳಿಯಬೇಕಾದರೆ ಹುಳುವಿನ ಪರಿಚಯ ಬೇಕು. ಹಿಕ್ಕೆಯಲ್ಲಿ ಅನ್ನದ ಅಗುಳಿನಂಥ ಬಿಳಿ ತುಂಡು ಕಂಡರೆ ನಮಗೆಲ್ಲ ಗಾಬರಿ. ಅದು ಲಾಡಿಹುಳುವಿನ ತುಂಡು. ಎಳೆ ಮರಿಗಳಿಗೆ ಒಂದಿಷ್ಟು ಕಾಟ ಕೊಟ್ಟೀತು, ದೊಡ್ಡ ಆಡನ್ನು ಕೊಲ್ಲುವುದು ಅಪರೂಪ. ಕೊಲ್ಲುವ ಹುಳು ಹಿಕ್ಕೆಯಲ್ಲಿ ಕಾಣಿಸುವುದೇ ಇಲ್ಲ. ಅದರ ಹೆಸರು ಹೀಮಾಂಕಸ್. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಗೆ ನಾಲ್ಕು ಕೋಣೆ, ಇದರ ವಾಸ ನಾಲ್ಕನೆಯದರಲ್ಲಿ. ಹೆಣ್ಣು ಹುಳು ಎರಡು ಮೂರು ಸೆಂಟಿಮೀಟರ್ ಉದ್ದ, ಕೆಂಪು ನೂಲಿಗೆ ಬಿಳಿ ನೂಲು ಹೊಸೆದ ಹಾಗೆ ಕಾಣುತ್ತದೆ. ಕೆಂಪು ಅಂದರೆ ಕುಡಿದ ರಕ್ತ, ಬಿಳಿ ಅಂದರೆ ಅಂಡಾಶಯ.

ಒಂದು ಹುಳು ದಿನಕ್ಕೆ ಕುಡಿಯುವುದು ಸುಮಾರು 0.05 ಮಿಲಿಲೀಟರ್. ಒಂದು ಹನಿಯಷ್ಟು, ಏನು ಮಹಾ ಅನ್ನಿಸುತ್ತದೆ. ಸಾವಿರ ಹುಳು ಇದ್ದರೆ? ದಿನಕ್ಕೆ 50 ಮಿಲಿಲೀಟರ್. 20 ಕಿಲೋ ತೂಗುವ ಆಡಿನ ಮೈಯಲ್ಲಿ ಒಟ್ಟು ಇರುವ ರಕ್ತವೇ ಒಂದೂವರೆ ಲೀಟರಿಗಿಂತ ಕಮ್ಮಿ. ಈಗ ಲೆಕ್ಕ ಹಾಕಿ. ರಕ್ತದ ಜತೆ ಪ್ರೋಟೀನೂ ಸೋರಿ ಹೋಗುತ್ತದೆ. ರಕ್ತನಾಳದೊಳಗೆ ನೀರನ್ನು ಹಿಡಿದಿಡುವುದು ಆ ಪ್ರೋಟೀನೇ. ಅದು ಕಮ್ಮಿಯಾದಾಗ ನೀರು ನಾಳದಿಂದ ಹೊರಗೆ ಜಿನುಗುತ್ತದೆ. ದಿನವಿಡೀ ತಲೆ ತಗ್ಗಿಸಿ ಮೇಯುವ ಪ್ರಾಣಿ ಅಲ್ವಾ, ಆ ನೀರು ಗದ್ದಕ್ಕೆ ಇಳಿದು ನಿಲ್ಲುತ್ತದೆ. ನಾನು ಒತ್ತಿ ನೋಡಿದ ಊತ ಅದೇ. ಇದಕ್ಕೆ ಭೇದಿ ಆಗಲೇಬೇಕು ಅಂತೇನಿಲ್ಲ. ಹಿಕ್ಕೆ ಗುಂಡಗೆ, ಗಟ್ಟಿಯಾಗಿ ಬೀಳುತ್ತಿರುವಾಗಲೇ ಆಡು ಒಳಗಿಂದ ಖಾಲಿಯಾಗಿರುತ್ತದೆ.

ಹೆಣ್ಣು ಹುಳು ದಿನಕ್ಕೆ 5,000ದಿಂದ 10,000 ಮೊಟ್ಟೆ ಇಡುತ್ತದೆ. ಹಿಕ್ಕೆಯ ಜತೆ ಅವು ನೆಲಕ್ಕೆ ಬರುತ್ತವೆ. ತೇವ, ಬೆಚ್ಚಗಿನ ಹವೆ ಸಿಕ್ಕರೆ ಒಂದು ವಾರದೊಳಗೆ ಮೊಟ್ಟೆ ಒಡೆದು, ಎರಡು ಹಂತ ದಾಟಿ, ರೋಗ ಹತ್ತಿಸುವ ಮರಿಹುಳು ತಯಾರು. ಅದು ಹುಲ್ಲಿನ ಮೇಲಿನ ನೀರಿನ ಪದರದಲ್ಲಿ ಈಜಿಕೊಂಡು ಮೇಲೆ ಹತ್ತುತ್ತದೆ. ಆಡು ಆ ಹುಲ್ಲನ್ನು ಕಚ್ಚಿದರೆ ಒಳಗೆ. ಮೂರು ವಾರದಲ್ಲಿ ಅದೂ ದೊಡ್ಡದಾಗಿ ಮೊಟ್ಟೆ ಇಡಲು ಶುರು.

ಜಿಗಣೆಗೆ ಯಾವ ಹವೆ ಹಿತವೋ ಈ ಮರಿಹುಳುವಿಗೂ ಅದೇ ಹಿತ. ಜಿಗಣೆ ಬೂಟಿಗೆ ಹತ್ತುವ ಜಾಗದಲ್ಲಿ ಹುಳುವೂ ಹುಲ್ಲಿಗೆ ಹತ್ತಿರುತ್ತದೆ ಅಂತಿಟ್ಟುಕೊಳ್ಳಿ. ಬಿಸಿಲು ಬಿದ್ದು ನೆಲ ಒಣಗುವ ಬಯಲುಸೀಮೆಯಲ್ಲಿ ಇದಕ್ಕೆ ಕಷ್ಟಕಾಲ ಇರುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಬ್ಬನಿ ಆರಲಿ ಅಂತ ಕಾಯುವುದಾದರೂ ಎಲ್ಲಿ? ಮಡಿಕೇರಿ, ಭಾಗಮಂಡಲ ಕಡೆಯಂತೂ ಹುಲ್ಲು ಒಣಗುವುದೇ ಇಲ್ಲ. ಕುಶಾಲನಗರ, ಶನಿವಾರಸಂತೆ ಕಡೆ ಮಳೆ ಕಮ್ಮಿ, ಹಾಗಾಗಿ ಕುರಿ ಸಾಕುವವರು ಇರುವುದೂ ಆ ಕಡೆಗೇ ಜಾಸ್ತಿ.

ಒಂದು ಒಳ್ಳೆ ಸುದ್ದಿ ಇದೆ. ಈ ಮರಿಹುಳು ಜಾಸ್ತಿ ಎತ್ತರ ಹತ್ತುವುದಿಲ್ಲ. ಹೆಚ್ಚಿನವು ನೆಲದಿಂದ ಎರಡು ಮೂರು ಇಂಚಿನೊಳಗೇ ಇರುತ್ತವೆ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತೇವಲ್ಲ, ಅದರ ಮರ್ಮ ಇಲ್ಲಿದೆ. ಆಡು ಹುಟ್ಟಾ ಸೊಪ್ಪು ತಿನ್ನುವ ಪ್ರಾಣಿ. ಎರಡು ಕಾಲಲ್ಲಿ ನಿಂತು, ಕತ್ತು ಚಾಚಿ, ಪೊದೆಯ ತುದಿ ಕಡಿಯುತ್ತಾ ಬಂದ ಜಾತಿ. ಹುಳು ಇರುವ ಎತ್ತರದಲ್ಲಿ ಅದು ಅಷ್ಟಾಗಿ ತಿಂದದ್ದೇ ಇಲ್ಲ. ಹಾಗಾಗಿ ಹುಳುವಿನ ವಿರುದ್ಧ ಕುರಿಯ ಮೈಗಿರುವಷ್ಟು ತಾಕತ್ತು ಆಡಿನ ಮೈಯಲ್ಲಿ ಬೆಳೆಯಲೂ ಇಲ್ಲ.

ಈಗ ನಮ್ಮ ತೋಟಕ್ಕೆ ಬನ್ನಿ. ಆಡನ್ನು ಬಿಟ್ಟರೆ ಕಾಫಿ ಗಿಡ ಉಳಿಯುವುದಿಲ್ಲ, ಪಕ್ಕದವರ ಜತೆ ಜಗಳ ಬೇರೆ. ಅದಕ್ಕೆ ಗದ್ದೆ ಬದುವಿನಲ್ಲೋ ರಸ್ತೆ ಪಕ್ಕದಲ್ಲೋ ಗೂಟ ಹೊಡೆದು ಕಟ್ಟುತ್ತೇವೆ. ಹಗ್ಗ ಎಷ್ಟು ಉದ್ದವೋ ಅಷ್ಟು ದೊಡ್ಡ ವೃತ್ತ. ಆ ವೃತ್ತದಲ್ಲೇ ಮೇಯಬೇಕು, ಅದರಲ್ಲೇ ಹಿಕ್ಕೆ ಹಾಕಬೇಕು. ಹುಲ್ಲು ಬುಡದವರೆಗೆ ಬೋಳಾದರೂ ಗೂಟ ಕೀಳಲು ನಮಗೆ ಪುರುಸೊತ್ತಿಲ್ಲ. ಎರಡು ಕಾಲಲ್ಲಿ ನಿಲ್ಲಬೇಕಾದ ಪ್ರಾಣಿಗೆ ಒಂದು ವಾರದ ಹಿಂದಿನ ತನ್ನ ಹಿಕ್ಕೆಯ ಪಕ್ಕದಲ್ಲೇ ನೆಲ ನೆಕ್ಕಿಸುತ್ತಿದ್ದೇವೆ. ಹುಳುವಿಗೆ ಇದಕ್ಕಿಂತ ಒಳ್ಳೆ ಏರ್ಪಾಡು ಬೇಕಾ?

ಕುಡಿಸುವುದರ ವಿಷಯ ನೋಡಿ. ಬಿದಿರಿನ ಗೊಟ್ಟದಲ್ಲಿ ಕಷಾಯ ಹುಯ್ಯುವುದು ನಮ್ಮ ಅಜ್ಜಂದಿರ ಕಾಲದಿಂದ ಬಂದದ್ದು. ಅದನ್ನು ಗೇಲಿ ಮಾಡುವ ಉದ್ದೇಶ ನನಗಿಲ್ಲ. ಆದರೆ "ಈ ಗಿಡ ಹುಳು ಕೊಲ್ಲುತ್ತದೆ ಅಂತ ಪ್ರಯೋಗದಲ್ಲಿ ಸಾಬೀತಾಗಿದೆ" ಅಂತ ಯಾರಾದರೂ ಹೇಳಿದರೆ, ಪ್ರಯೋಗ ಎಲ್ಲಿ ನಡೆಯಿತು ಅಂತ ಕೇಳಿ. ಗಾಜಿನ ತಟ್ಟೆಯಲ್ಲಾ, ಆಡಿನ ಹೊಟ್ಟೆಯಲ್ಲಾ? ತಟ್ಟೆಯಲ್ಲಿ ಹುಳುವನ್ನು ಗಟ್ಟಿ ರಸದಲ್ಲಿ ಮುಳುಗಿಸಿ ಗಂಟೆಗಟ್ಟಲೆ ಬಿಡುತ್ತಾರೆ. ಸಾಯುತ್ತದೆ. ಬಹಳಷ್ಟು ಗಿಡಗಳ ರಸಕ್ಕೆ ಸಾಯುತ್ತದೆ. ಆಡಿನ ಹೊಟ್ಟೆಯಲ್ಲಿ ಹಾಗಲ್ಲ. ನೀವು ಹುಯ್ದ 100 ಮಿಲಿಲೀಟರ್ ಕಷಾಯ ಮೊದಲು ಹೋಗಿ ಸೇರುವುದು ಹಲವು ಲೀಟರ್ ಹಿಡಿಯುವ ಮೊದಲ ಕೋಣೆಗೆ. ಅಲ್ಲಿ ಬಾಲ್ದಿ ನೀರಿಗೆ ಒಂದು ಲೋಟ ಕಾಫಿ ಹುಯ್ದ ಹಾಗೆ ತೆಳುವಾಗುತ್ತದೆ. ಮೇಲಿಂದ ಅಲ್ಲಿರುವ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಅದನ್ನು ಒಡೆದು ಹಾಕುತ್ತವೆ. ನಾಲ್ಕನೇ ಕೋಣೆಯ ಹುಳುವಿಗೆ ತಲುಪುವುದು ಎಷ್ಟು?

ಬೇವು ಇದಕ್ಕೆ ಒಳ್ಳೆ ಉದಾಹರಣೆ. ಕಹಿಬೇವು ಅಂದರೆ ನಮಗೆ ಕಣ್ಣು ಮುಚ್ಚಿ ನಂಬಿಕೆ. ತಟ್ಟೆಯಲ್ಲಿ ಅದರ ಸಾರಕ್ಕೆ ಶಕ್ತಿ ಇದೆ. ಬ್ರೆಜಿಲ್‌ನಲ್ಲಿ ಒಣಗಿಸಿದ ಬೇವಿನೆಲೆಯನ್ನು ಕುರಿಗಳಿಗೆ ತಿನ್ನಿಸಿ ನೋಡಿದಾಗ ಹುಳುವಿನ ಮೇಲೆ ಪರಿಣಾಮ ಕಾಣಲಿಲ್ಲ. ಕುಡಿಸುವ ಸಾಲಿನಲ್ಲಿ ಸ್ವಲ್ಪ ಮರ್ಯಾದೆ ಉಳಿಸಿಕೊಂಡದ್ದು ಮುತ್ತುಗದ ಬೀಜ. ಪಾಕಿಸ್ತಾನದಲ್ಲಿ ಕುರಿಗಳಿಗೆ ಕಿಲೋ ತೂಕಕ್ಕೆ 3 ಗ್ರಾಂನಂತೆ ಬೀಜದ ಪುಡಿ ಕೊಟ್ಟಾಗ ಹತ್ತನೇ ದಿನಕ್ಕೆ ಹಿಕ್ಕೆಯಲ್ಲಿನ ಮೊಟ್ಟೆ ಶೇಕಡಾ 78ರಷ್ಟು ಇಳಿಯಿತು. ಒಳ್ಳೆಯದೇ. ಆದರೆ 20 ಕಿಲೋ ಪ್ರಾಣಿಗೆ ಅದು 60 ಗ್ರಾಂ ಪುಡಿ. ಸರಿಯಾಗಿ ಕೆಲಸ ಮಾಡುವ ಅಂಗಡಿ ಔಷಧಿ ಶೇಕಡಾ 95ಕ್ಕಿಂತ ಜಾಸ್ತಿ ಇಳಿಸಬೇಕು ಅನ್ನುವುದು ಅಳತೆ. ಪಪ್ಪಾಯದ ಹಾಲಿನಲ್ಲಿರುವ ಕಿಣ್ವ ಹುಳುವಿನ ಹೊರಚರ್ಮವನ್ನೇ ಜೀರ್ಣ ಮಾಡಿಬಿಡುತ್ತದೆ. ಬ್ರಿಟನ್ನಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಅದರ ಹಿಂದೆ ಬಿದ್ದು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಹಾಗಂತ ಕಾಯಿ ಗೀರಿ ಹಾಲು ಹಿಡಿದು ಆಡಿನ ಬಾಯಿಗೆ ಬಿಡಬೇಡಿ, ಬಾಯಿ ಗಂಟಲು ಸುಟ್ಟೀತು.

ಅಡಿಕೆ ಬಗ್ಗೆಯೂ ಕೇಳುತ್ತಾರೆ. ಅಡಿಕೆಯಲ್ಲಿರುವ ಅರೆಕೋಲಿನ್ ಹಿಂದೆ ನಾಯಿಗಳ ಲಾಡಿಹುಳುವಿಗೆ ನಿಜವಾಗಿಯೂ ಔಷಧಿಯಾಗಿತ್ತು. ಹುಳುವಿಗೆ ಲಕವಾ ಹೊಡೆದು ಕಳಚಿ ಬೀಳುತ್ತಿತ್ತು. ಡೋಸ್ ಜಾಸ್ತಿಯಾದರೆ ನಾಯಿಗೂ ಕಂಟಕ. ಈಗ ಅದನ್ನು ಬಿಟ್ಟಿದ್ದಾರೆ, ಆಡಿನ ರಕ್ತ ಹೀರುವ ಹುಳುವಿಗಂತೂ ಅದು ಮದ್ದೇ ಅಲ್ಲ. ಇನ್ನು ತಮಿಳುನಾಡಿನ ಪಶುವೈದ್ಯ ವಿಶ್ವವಿದ್ಯಾಲಯದವರು ಹೇಳಿಕೊಟ್ಟ, ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯೂ ಹಂಚುತ್ತಿರುವ ನಾಟಿ ಔಷಧಿ ಪಟ್ಟಿಯಲ್ಲಿ ಹುಳುವಿಗೂ ಒಂದು ಉಂಡೆ ಇದೆ. ಬೆಳ್ಳುಳ್ಳಿ, ಸಾಸಿವೆ, ಜೀರಿಗೆ, ಮೆಣಸು, ಅರಿಸಿನ, ಬೇವು, ತುಂಬೆ, ಹಾಗಲಕಾಯಿ, ಬಾಳೆದಿಂಡು, ಬೆಲ್ಲ. ಹಸು ಕರುಗಳಿಗಾಗಿ ಹೆಚ್ಚು ಪ್ರಚಾರವಾದದ್ದು ಅದು. ಉಂಡೆಯಾಗಿ ತಿನ್ನಿಸುವುದರಿಂದ ಗೊಟ್ಟಕ್ಕಿಂತ ವಾಸಿ. ಗೊಟ್ಟ ಹಾಕುವಾಗ ತಲೆ ತುಂಬಾ ಮೇಲೆತ್ತಿದರೆ ಕಷಾಯ ಶ್ವಾಸಕೋಶಕ್ಕೆ ಇಳಿಯುತ್ತದೆ. ಹುಳುವಿನಿಂದ ಉಳಿದ ಮರಿಯೊಂದನ್ನು ನಾನೇ ಹಾಗೆ ನ್ಯುಮೋನಿಯಾಗೆ ಕಳೆದುಕೊಂಡಿದ್ದೇನೆ. ಮೂಗಿನ ಮಟ್ಟ ಕಣ್ಣಿನ ಮಟ್ಟ ದಾಟಬಾರದು.

ಇಷ್ಟೆಲ್ಲ ಕುಡಿಸುವ ಕತೆ. ಕಟ್ಟುವ ಕತೆ ಬೇರೆ, ಅದು ಒಗರಿನ ಕತೆ. ಎಳೆ ಪೇರಳೆ ಕಚ್ಚಿದಾಗ ನಾಲಿಗೆ ಬಿಗಿಯುತ್ತದಲ್ಲ, ಒಗರು ಚಹಾ ಕುಡಿದಾಗ ಬಾಯಿ ಒಣಗಿದಂತಾಗುತ್ತದಲ್ಲ, ಅದು ಟ್ಯಾನಿನ್. ಎಂಜಲಿನಲ್ಲಿರುವ ಪ್ರೋಟೀನನ್ನು ಹೋಗಿ ಗಟ್ಟಿಯಾಗಿ ಹಿಡಿದುಕೊಳ್ಳುವುದು ಅದರ ಗುಣ. ತಂಗಡಿ ಗಿಡದ ತೊಗಟೆಯಲ್ಲಿ ಚರ್ಮ ಹದ ಮಾಡುತ್ತಿದ್ದದ್ದೂ ಇದೇ ಗುಣದಿಂದ. ಚರ್ಮವೂ ಪ್ರೋಟೀನೇ, ಹುಳುವಿನ ಮೈಯೂ ಪ್ರೋಟೀನೇ.

ಹುಲ್ಲಿನ ಮೇಲೆ ಕಾದು ಕೂತ ಮರಿಹುಳು ಒಂದು ಹೆಚ್ಚುವರಿ ಪೊರೆ ಹೊದ್ದಿರುತ್ತದೆ. ಮಳೆಗೆ ಕೊಪ್ಪೆ ಹಾಕಿಕೊಂಡ ಹಾಗೆ. ಕೊಪ್ಪೆ ಇರುವಷ್ಟು ಹೊತ್ತು ಅದಕ್ಕೆ ಏನೂ ತಿನ್ನಲಾಗದು. ಆಡಿನ ಹೊಟ್ಟೆಗೆ ಹೋದ ಮೇಲೆ ಅದನ್ನು ಕಳಚಲೇಬೇಕು, ಆಮೇಲೆಯೇ ಅಂಟಿಕೊಳ್ಳಲು ಸಾಧ್ಯ. ಒಗರು ಸೊಪ್ಪು ತಿಂದ ಹೊಟ್ಟೆಯಲ್ಲಿ ಕೊಪ್ಪೆ ಕಳಚುವುದು ತಡವಾಗುತ್ತದೆ, ಕೆಲವಕ್ಕೆ ಆಗುವುದೇ ಇಲ್ಲ. ಹಾಗೇ ಮುಂದಕ್ಕೆ ಜಾರಿಹೋಗುತ್ತವೆ. ಈಗಾಗಲೇ ದೊಡ್ಡದಾಗಿರುವ ಹುಳುಗಳು ಸಾಮಾನ್ಯವಾಗಿ ಸಾಯುವುದಿಲ್ಲ, ಮೊಟ್ಟೆ ಕಮ್ಮಿ ಇಡುತ್ತವೆ. ಇದರ ಜತೆ ಇನ್ನೊಂದು ಲಾಭ. ಮೊದಲ ಕೋಣೆಯಲ್ಲಿ ಟ್ಯಾನಿನ್ ಮೇವಿನ ಪ್ರೋಟೀನನ್ನು ಹಿಡಿದುಕೊಂಡು ಸೂಕ್ಷ್ಮಜೀವಿಗಳ ಬಾಯಿಂದ ಉಳಿಸುತ್ತದೆ. ನಾಲ್ಕನೇ ಕೋಣೆಯ ಹುಳಿಯಲ್ಲಿ ಕೈಬಿಡುತ್ತದೆ. ಆ ಪ್ರೋಟೀನ್ ನೇರ ಆಡಿಗೆ ಸಿಗುತ್ತದೆ. ಹುಳು ಕದಿಯುವುದು ಪ್ರೋಟೀನೇ ಆದ್ದರಿಂದ ಹೊಟ್ಟೆತುಂಬಾ ಪ್ರೋಟೀನ್ ಸಿಕ್ಕ ಆಡು ಅಷ್ಟೇ ಹುಳುವನ್ನು ಇನ್ನೂ ಚೆನ್ನಾಗಿ ತಡೆದುಕೊಳ್ಳುತ್ತದೆ.

ಬರೇಲಿಯ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯವರು ಬಸರಿ ಮರದ ಎಲೆ, ಸೀಬೆ ಎಲೆ ಒಣಗಿಸಿ ಪುಡಿ ಮಾಡಿ ಹೀಮಾಂಕಸ್ ಹತ್ತಿದ ಕುರಿಮರಿಗಳಿಗೆ ಮೇವಿನಲ್ಲಿ ಬೆರೆಸಿ ಕೊಟ್ಟು ನೋಡಿದ್ದಾರೆ, ಮೊಟ್ಟೆ ಲೆಕ್ಕ ಇಳಿದಿದೆ. ಸೀಬೆ ಅಂದರೆ ನಮ್ಮ ಪೇರಳೆಯೇ. ಕಾಂಬೋಡಿಯಾದಲ್ಲಿ ಹುಲ್ಲಿನ ಬದಲು ಮರಗೆಣಸಿನ ಸೊಪ್ಪು ತಿಂದ ಆಡುಗಳಲ್ಲೂ ಹುಳುವಿನ ಕಾಟ ಕಮ್ಮಿ ಕಂಡಿದೆ. ಇವೆಲ್ಲ ನಮ್ಮ ಹಿತ್ತಲಲ್ಲೇ ಇರುವ ಗಿಡಗಳು. ಕಾಫಿ ತೋಟದ ನೆರಳಿಗೆ ನಿಂತಿರುವ ಹಲಸು, ಅತ್ತಿ, ಗೋಳಿ ಕೂಡ ಒಗರು ಸೊಪ್ಪಿನವೇ. ಮಳೆಗೆ ಮುಂಚೆ ಮರ ಕಪಾತು ಮಾಡುವಾಗ ರಾಶಿ ರಾಶಿ ಸೊಪ್ಪು ನೆಲಕ್ಕೆ ಬಿದ್ದು ಕೊಳೆಯುತ್ತದೆ. ಎಲ್ಲವನ್ನೂ ಒಂದೇ ಸಲ ಇಳಿಸದೆ ಕೊಟ್ಟಿಗೆ ಪಕ್ಕದ ಎರಡು ಮರ ಉಳಿಸಿಕೊಂಡರೆ ಮಳೆಗಾಲಕ್ಕೆ ದಿನಾ ಒಂದು ಕೊಂಬೆ ಸಿಗುತ್ತದೆ.

ಕಟ್ಟುವುದು ಅಂದರೆ ನಿಜವಾಗಿಯೂ ಕಟ್ಟುವುದೇ. ಕೊಟ್ಟಿಗೆಯ ಅಡ್ಡಪಟ್ಟಿಗೆ ಹಗ್ಗ ಹಾಕಿ, ಕೊಂಬೆಯ ಬುಡ ಮೇಲೆ, ಎಲೆ ಕೆಳಗೆ, ಆಡಿನ ಮೂತಿಗಿಂತ ಒಂಚೂರು ಮೇಲೆ ಬರುವ ಹಾಗೆ. ಅದು ಕತ್ತು ಚಾಚಿ ಒಂದೊಂದೇ ಎಲೆ ಕೀಳುತ್ತದೆ. ನೆಲಕ್ಕೆ ಹಾಕಿದರೆ ಅದೇ ಸೊಪ್ಪನ್ನು ತುಳಿದು, ಮೇಲೆ ಹಿಕ್ಕೆ ಹಾಕಿ, ಮೂಸಿ ಬಿಡುತ್ತದೆ. ನೇತುಹಾಕಿದ ಸೊಪ್ಪಿನಲ್ಲಿ ಟ್ಯಾನಿನ್ ಇಲ್ಲದೇ ಹೋದರೂ ಪರವಾಗಿಲ್ಲ, ಅದು ಹುಳು ಹತ್ತದ ಊಟ. ಹಾಲುವಾಣದಲ್ಲಿ ಒಗರು ಅಷ್ಟಿಲ್ಲ, ಆದರೆ ಪ್ರೋಟೀನ್ ಚೆನ್ನಾಗಿದೆ. ಹಲಸಿನ ಜತೆ ಅದೂ ಒಂದು ಕೊಂಬೆ ಇರಲಿ.

ಜಾಸ್ತಿ ಒಗರು ಒಳ್ಳೆಯದಲ್ಲ. ಮೇವಿನ ಒಣತೂಕದಲ್ಲಿ ಟ್ಯಾನಿನ್ ಶೇಕಡಾ 3-4 ಇದ್ದರೆ ಅನುಕೂಲ, ಐದಾರು ದಾಟಿದರೆ ಪ್ರಾಣಿ ತಿನ್ನುವುದನ್ನೇ ಕಮ್ಮಿ ಮಾಡುತ್ತದೆ. ಮನೆಯಲ್ಲಿ ಯಾರೂ ಅದನ್ನು ಅಳೆಯುವುದಿಲ್ಲ ಬಿಡಿ. ಒಗರು ಸೊಪ್ಪು ಮೇವಿನ ಒಂದು ಪಾಲು, ಪೂರ್ತಿ ಮೇವಲ್ಲ ಅಂತ ನೆನಪಿದ್ದರೆ ಸಾಕು. ಆಡಿನ ಎಂಜಲಿನಲ್ಲಿ ಟ್ಯಾನಿನ್ ತಡೆದುಕೊಳ್ಳುವ ಪ್ರೋಟೀನ್ ಇದೆ, ಕುರಿಗೆ ಆ ಸೌಕರ್ಯ ಅಷ್ಟಿಲ್ಲ. ಕುರಿ ಸಾಕುವವರು ಕೈ ಹಿಡಿದು ಹಾಕಬೇಕು. ಮರಗೆಣಸಿನ ಹಸಿ ಸೊಪ್ಪಿನಲ್ಲಿ ಸಯನೈಡ್ ಇರುತ್ತದೆ, ಚೆನ್ನಾಗಿ ಒಣಗಿಸಿಯೇ ಕೊಡಿ. ಲಂಟಾನ ಹತ್ತಿರ ಸುಳಿಯುವುದು ಬೇಡ.

ನಮ್ಮ ತೋಟಗಳಲ್ಲಿ ಇನ್ನೊಂದು ಅಪಾಯ ಇದೆ, ಅದನ್ನು ಯಾರೂ ಹುಳುವಿನ ಜತೆ ಸೇರಿಸಿ ಯೋಚಿಸುವುದಿಲ್ಲ: ಬೋರ್ಡೋ, ಅಂದರೆ ಕೊಳೆರೋಗ ತಡೆಯಲು ಹೊಡೆಯುವ ದ್ರಾವಣ. ಮಳೆಗೆ ಮುಂಚೆ ಮೆಣಸಿನ ಬಳ್ಳಿಗೆ, ಅಡಿಕೆಗೆ, ಕೆಲವರು ಕಾಫಿಗೂ ಹೊಡೆಯುತ್ತೇವೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತದಲ್ಲಿ ಇರುವುದು ತಾಮ್ರ. ತಮಾಷೆ ಏನೆಂದರೆ, ಒಂದು ಕಾಲದಲ್ಲಿ ಕುರಿಗಳ ಹುಳುವಿಗೆ ಮೈಲುತುತ್ತದ ನೀರನ್ನೇ ಕುಡಿಸುತ್ತಿದ್ದರು. ಹುಳು ಹೋಗುತ್ತಿತ್ತು, ಕೆಲವೊಮ್ಮೆ ಕುರಿಯೂ ಹೋಗುತ್ತಿತ್ತು. ಕುರಿಯ ಪಿತ್ತಜನಕಾಂಗ ತಾಮ್ರವನ್ನು ಕೂಡಿಡುತ್ತಾ ಹೋಗಿ ಒಂದು ದಿನ ಒಮ್ಮೆಲೇ ಕೈಕೊಡುತ್ತದೆ. ಆಡು ಇದ್ದುದರಲ್ಲಿ ತಡೆಯುತ್ತದೆ. ಬೋರ್ಡೋ ಹೊಡೆದ ಬಳ್ಳಿ ಹಬ್ಬಿದ ಮರದ ಸೊಪ್ಪು, ಅದರ ಬುಡದ ಹುಲ್ಲು ಕುರಿಗೆ ಬೇಡವೇ ಬೇಡ.

ಅಂಗಡಿ ಔಷಧಿಯನ್ನೇ ಹಾಕಿದರೆ ಆಯ್ತಲ್ಲ, ಇಷ್ಟೆಲ್ಲ ಯಾಕೆ ಅಂತ ಕೇಳಬಹುದು. ಥಯಾಬೆಂಡಜೋಲ್ ಅನ್ನುವ ಔಷಧಿ 1961ರಲ್ಲಿ ಬಂದಾಗ ಹುಳುವಿನ ಕತೆ ಮುಗಿಯಿತು ಅಂದುಕೊಂಡಿದ್ದರು. 1964ಕ್ಕೇ ಅದಕ್ಕೆ ಬಗ್ಗದ ಹೀಮಾಂಕಸ್ ವರದಿಯಾಯಿತು. ಆಮೇಲೆ ಬಂದ ಅಲ್ಬೆಂಡಜೋಲ್, ಐವರ್ಮೆಕ್ಟಿನ್‌ಗಳಿಗೂ ಅದೇ ಗತಿ. ಒಂದೇ ಕಳೆನಾಶಕ ಹೊಡೆದು ಹೊಡೆದು ಅದಕ್ಕೆ ಸಾಯದ ಕಳೆಯೇ ತೋಟ ತುಂಬುವುದಿಲ್ವಾ, ಹಾಗೆ. ಕುರಿಯ ಡೋಸನ್ನೇ ಆಡಿಗೂ ಕೊಡುವುದು ಇದಕ್ಕೆ ಇನ್ನಷ್ಟು ಗೊಬ್ಬರ. ಆಡಿನ ಮೈ ಔಷಧಿಯನ್ನು ಬೇಗ ಹೊರಹಾಕುತ್ತದೆ, ಅದಕ್ಕೆ ಡೋಸ್ ಬೇರೆ. ಎಷ್ಟು ಅಂತ ತೂಕ ನೋಡಿ ಡಾಕ್ಟರೇ ಹೇಳಬೇಕು. ಅಲ್ಬೆಂಡಜೋಲನ್ನು ಗಬ್ಬದ ಮೊದಲ ದಿನಗಳಲ್ಲಿ ಕೊಡಬಾರದು ಅನ್ನುವುದೂ ನೆನಪಿರಲಿ.

ಹಾಗಾದರೆ ಯಾವ ಆಡಿಗೆ ಸೊಪ್ಪು ಸಾಕು, ಯಾವುದಕ್ಕೆ ಔಷಧಿ ಬೇಕು? ಅದನ್ನು ಕಣ್ಣೇ ಹೇಳುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಫಾಮಾಚ ಅನ್ನುವ ಐದು ಬಣ್ಣದ ಚಾರ್ಟ್ ಮಾಡಿದ್ದಾರೆ. ಅದರ ಯೋಚನೆ ಕೊಟ್ಟ ಫಾಫಾ ಮಾಲನ್ ಅವರ ಹೆಸರಿನ ತುಣುಕುಗಳಿಗೆ ಚಾರ್ಟ್‌ನ 'ಚಾ' ಸೇರಿ ಆ ಹೆಸರು. ಕೆಳರೆಪ್ಪೆಯ ಒಳಗಿನ ಬಣ್ಣವನ್ನು ಚಾರ್ಟಿಗೆ ಹೋಲಿಸುವುದು, ಅಷ್ಟೇ. ಕಡುಕೆಂಪು ಇದ್ದರೆ ಬಿಟ್ಟುಬಿಡಿ. ಬೆಳ್ಳಗಿದ್ದರೆ ಅವತ್ತೇ ಔಷಧಿ. ನಡುವಿನ ತಿಳಿಗುಲಾಬಿ ಬಣ್ಣ ಇದ್ದರೆ ಗಬ್ಬದ ಆಡು, ಹಾಲೂಡುವ ಆಡು, ಮರಿಗಳ ಬಗ್ಗೆ ಎಚ್ಚರ. ಬೆಳಕಿನಲ್ಲಿ ನೋಡಬೇಕು, ಶೀಟಿನ ಕೊಟ್ಟಿಗೆಯ ಕತ್ತಲಲ್ಲಿ ಎಲ್ಲವೂ ಬಿಳಿಯೇ. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆಯಾದರೂ ನೋಡಬೇಕು. ಒಂದು ಮಂದೆಯಲ್ಲಿ ಹೆಚ್ಚಿನ ಹುಳುಗಳು ಕೆಲವೇ ಪ್ರಾಣಿಗಳಲ್ಲಿ ಇರುತ್ತವೆ. ಅವಕ್ಕಷ್ಟೇ ಔಷಧಿ ಹಾಕಿದರೆ ಉಳಿದವುಗಳಲ್ಲಿ ಔಷಧಿಗೆ ಬಗ್ಗುವ ಹುಳುಗಳ ಸಂತಾನ ಉಳಿದಿರುತ್ತದೆ. ಔಷಧಿಯ ಶಕ್ತಿ ಜಾಸ್ತಿ ವರ್ಷ ಬಾಳುತ್ತದೆ.

ಕಣ್ಣು ರಕ್ತ ಕಮ್ಮಿಯಾದದ್ದನ್ನು ಮಾತ್ರ ಹೇಳುತ್ತದೆ, ಯಾವ ಹುಳು ಅಂತ ಹೇಳುವುದಿಲ್ಲ. ಗದ್ದೆಯ ನೀರಿನ ಬಸವನಹುಳುವಿನ ಮೂಲಕ ಬರುವ ಲಿವರ್ ಹುಳುವಿನಲ್ಲೂ ಕಣ್ಣು ಬಿಳಿಚುತ್ತದೆ, ಗದ್ದ ಊದುತ್ತದೆ. ಆ ಹುಳುವಿಗೆ ಹಲಸಿನ ಸೊಪ್ಪು ಉಪಯೋಗಕ್ಕೆ ಬಾರದು, ಬೇರೆಯದೇ ಔಷಧಿ ಬೇಕು. ಹಾಗಾಗಿ ಅನುಮಾನ ಇದ್ದರೆ ಹಿಕ್ಕೆ ಪರೀಕ್ಷೆ ಮಾಡಿಸಿ. ನೆಲದ ಮೇಲಿನದ್ದಲ್ಲ, ತಾಜಾ ಹತ್ತು ಹದಿನೈದು ಹಿಕ್ಕೆ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೇಗ ಪಶು ಆಸ್ಪತ್ರೆಗೆ ತಲುಪಿಸಿದರೆ ಆಯಿತು. ಔಷಧಿ ಕೊಟ್ಟ 10ರಿಂದ 14 ದಿನದ ನಂತರ ಹಿಕ್ಕೆಯನ್ನು ಇನ್ನೊಮ್ಮೆ ಪರೀಕ್ಷೆಗೆ ಕೊಟ್ಟರೆ ಆ ಔಷಧಿ ನಿಮ್ಮ ಕೊಟ್ಟಿಗೆಯ ಹುಳುವಿಗೆ ಇನ್ನೂ ತಾಗುತ್ತಿದೆಯಾ ಅಂತ ಗೊತ್ತಾಗುತ್ತದೆ.

ಪಕ್ಕದ ಮನೆಯ ಆಡಿಗೆ ಆ ಸಂಜೆಯೇ ಡಾಕ್ಟ್ರು ಬಂದು ಔಷಧಿ ಕೊಟ್ಟರು. "ಒಂದು ತಿಂಗಳು ಗೂಟಕ್ಕೆ ಕಟ್ಟಬೇಡಿ. ಕೊಟ್ಟಿಗೆಯಲ್ಲೇ ಸೊಪ್ಪು, ಒಂದು ಹಿಡಿ ಕಡಲೆ ಹಿಂಡಿ" ಅಂದರು. ಗದ್ದದ ಊತ ಇಳಿಯಲು ಎರಡು ವಾರ ಹಿಡಿಯಿತು, ಕಣ್ಣಿಗೆ ಬಣ್ಣ ಬರಲು ಇನ್ನೂ ಜಾಸ್ತಿ. ಈಗ ಅವರ ಕೊಟ್ಟಿಗೆಯ ಅಡ್ಡಪಟ್ಟಿಗೆ ಎರಡು ಹಗ್ಗ ಖಾಯಂ ನೇತಾಡುತ್ತಿವೆ. ಮೊನ್ನೆ ಭಾನುವಾರ ಹೋದಾಗ ಅವರ ಮಗಳು ಆಡಿನ ತಲೆಯನ್ನು ತೊಡೆ ನಡುವೆ ಇಟ್ಟುಕೊಂಡು ರೆಪ್ಪೆ ಎಳೆದು ನೋಡುತ್ತಿದ್ದಳು. "ದಾಸವಾಳ ಅಲ್ಲ ಆಂಟಿ, ಪೇರಳೆ ಒಳಗಿನ ಬಣ್ಣ ಇದೆ" ಅಂದಳು. ಹಾಗಾದರೆ ಇನ್ನು ಎರಡು ವಾರ ಬಿಟ್ಟು ಮತ್ತೆ ನೋಡು ಅಂದೆ.